ಗಾಯರಾಣವೂ ನೀಲಗಿರಿ ನೆಡುತೋಪೂ: ಹಾನಗಲ್ಲು ಸೀಮೆಯ ಒಂದು ವಿವಾದದ ವಿಚಾರ

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲುದಾರಿಯಲ್ಲಿ ಯಲವಿಗಿಯು ಒಂದು ಚಿಕ್ಕ ನಿಲ್ದಾಣ. ಇದರ ಸುತ್ತಲೂ ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಎರೆಭೂಮಿಯಿದೆ. ಇಲ್ಲಿಂದ ಪಶ್ಚಿಮಕ್ಕೆ ಸವಣೂರು, ಶಿಗ್ಗಾವಿಗಳನ್ನು ದಾಟಿ ಹಾನಗಲ್ಲಿನ ಕಡೆಗೆ ಹೋದಂತೆ ಮಣ್ಣು ಕೆಂಪಾಗುವುದು, ಮಳೆ ಹೆಚ್ಚುವುದು, ಕೆರೆಗಳೂ ಭತ್ತದ ಗದ್ದೆಗಳೂ ಕಾಣತೊಡಗುವುವು. ಅದೇ ರೈಲುದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ತರುವಾಯ ತುಂಗಭದ್ರೆಯ ದಡವು ಬರುವುದು. ಅಲ್ಲಿಯ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆಯು ಆರಂಭವಾಯಿತು. ಮರವನ್ನು ಅರೆದು ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಸಿದ್ಧಪಡಿಸುವುದು ಅದರ ಉದ್ಯೋಗ. ಹಾನಗಲ್ಲಿನ ಹುಲ್ಲುಗಾವಲಿಗೂ ತುಂಗಭದ್ರೆಯ ದಡದ ಈ ಕಾರ್ಖಾನೆಗೂ 1980ರ ದಶಕದಲ್ಲಿ ಉಂಟಾದ ಸಂಬಂಧವೇ ಪ್ರಕೃತ ಲೇಖನದ ವಿಷಯ.

ನೆಡುತೋಪೆಂದರೆ ಒಂದೇ ಜಾತಿಯ, ಒಂದೇ ವಯಸ್ಸಿನ ಮರಗಳನ್ನು ಸಾಲಾಗಿ ನೆಟ್ಟು, ನಿಶ್ಚಿತ ಅವಧಿಯಲ್ಲಿ ಒಟ್ಟಾಗಿ ಕಡಿಯುವ ಕೃಷಿ. ಇದನ್ನು ಕಾಡೆಂದು ಕರೆಯುವ ರೂಢಿಯಿದ್ದರೂ ಸ್ವಭಾವದಲ್ಲಿ ಇದು ಹೊಲಕ್ಕೇ ಹೆಚ್ಚು ಸಮೀಪವಾದುದು. ನಮ್ಮ ದೇಶದಲ್ಲಿ ಈ ಪದ್ಧತಿಯು ಹೊಸದೇನೂ ಅಲ್ಲ. ಮಲಬಾರಿನ ನಿಲಂಬೂರಿನಲ್ಲಿ 1840ರ ದಶಕದಲ್ಲಿಯೇ ಸಾಗುವಾನಿಯ ತೋಪನ್ನು ಬೆಳೆಸಲಾಯಿತು. ನೀಲಗಿರಿ ಬೆಟ್ಟಗಳಲ್ಲಿ ಸೌದೆಗಾಗಿ ಆಸ್ಟ್ರೇಲಿಯಾದ ಯೂಕಲಿಪ್ಟಸ್ಸನ್ನು ನೆಟ್ಟುದೂ ಅದೇ ದಶಕದಲ್ಲಿ. ಆ ಬೆಟ್ಟಗಳ ಹೆಸರೇ ನಮ್ಮ ನಾಡಿನಲ್ಲಿ ಆ ಮರಕ್ಕೂ ನಿಂತಿತು. ಆದರೆ ಬಯಲುಸೀಮೆಯ ಊರುಗಳಿಗೆ ಅದು ವ್ಯಾಪಕವಾಗಿ ಬಂದುದು ಸ್ವಾತಂತ್ರ್ಯಾನಂತರ, ವಿಶೇಷವಾಗಿ ಕಾಗದ ಮತ್ತು ರೇಯಾನ್ ಉದ್ಯಮಗಳು ಬೆಳೆದ ಮೇಲೆ.

ಈ ಉದ್ಯಮಗಳು ಮೊದಲು ಅವಲಂಬಿಸಿದುದು ಬಹುಮಟ್ಟಿಗೆ ಬಿದಿರನ್ನು. ಉತ್ತರ ಕನ್ನಡದ ಬಿದಿರು ದಾಂಡೇಲಿಯ ಕಾಗದದ ಗಿರಣಿಗೆ ಅತ್ಯಲ್ಪ ದರದಲ್ಲಿ ಸಲ್ಲುತ್ತಿತ್ತು. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದಾರರು ಪೇಟೆಯ ಬೆಲೆಯನ್ನು ತೆರಬೇಕಾಗಿತ್ತು. ಬಿದಿರು ಕ್ಷೀಣಿಸಿದುದರ ಕಾರಣವನ್ನು ಮಾಧವ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿಗಳು ಶೋಧಿಸಿದರು. ಕಡಿತಕ್ಕೆ ಅನುಕೂಲವಾಗಲೆಂದು ಮೆಳೆಯ ಬುಡದ ಮುಳ್ಳನ್ನು ಸವರಿದುದರಿಂದ ಎಳೆಯ ಕಳಲೆಯು ದನಗಳಿಗೂ ಕಾಡುಪ್ರಾಣಿಗಳಿಗೂ ಆಹಾರವಾಯಿತು. ಹಳ್ಳಿಗರು ಆ ಮುಳ್ಳನ್ನು ಬಿಟ್ಟು ಕಡಿಯುತ್ತಿದ್ದರೆಂಬುದು ಗಮನಾರ್ಹವಾದ ಸಂಗತಿ. ಬಿದಿರು ಸಾಲದಾದಾಗ ಉದ್ಯಮವು ನೀಲಗಿರಿಯ ಕಡೆಗೆ ತಿರುಗಿತು. ಏಳೆಂಟು ವರ್ಷಗಳಲ್ಲಿ ಕಡಿತಕ್ಕೆ ಬರುವ, ಕಡಿದ ಬುಡದಿಂದ ಮತ್ತೆ ಚಿಗುರುವ, ಆಡುದನಗಳು ಮೂಸಿಯೂ ನೋಡದ ಮರವದು. ಬೇಲಿಯ ಖರ್ಚು ಕೂಡ ಇಲ್ಲ. ಕಾರ್ಖಾನೆಗೆ ಗುಣವಾದ ಈ ಕೊನೆಯ ಲಕ್ಷಣವೇ ದನ ಸಾಕುವವನಿಗೆ ದೋಷವಾಗಿತ್ತು.

ಇನ್ನು ನೆಡುವುದಕ್ಕೆ ಭೂಮಿ ಎಲ್ಲಿಯದು? ಈ ಪ್ರಶ್ನೆಗೆ ಉತ್ತರ ಹೇಳಲು ನಾವು ಕಂದಾಯದ ಇತಿಹಾಸವನ್ನು ಸ್ವಲ್ಪ ನೋಡಬೇಕು. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. 1879ರ ಮುಂಬಯಿ ಕಂದಾಯ ಸಂಹಿತೆಯ 38ನೆಯ ಕಲಮಿನಂತೆ ಊರ ದನಗಳ ಪುಕ್ಕಟೆ ಮೇವಿಗಾಗಿ ಭೂಮಿಯನ್ನು ಬೇರೆಯಾಗಿ ತೆಗೆದಿಡಲು ಅಧಿಕಾರಿಗಳಿಗೆ ಅವಕಾಶವಿತ್ತು. ಹೀಗೆ ತೆಗೆದಿಟ್ಟುದೇ ಈ ಭಾಗದ ಗಾಯರಾಣ; ಹಳೆಯ ಮೈಸೂರಿನವರ ಗೋಮಾಳ. ಮುಂದೆ ಕರ್ನಾಟಕದ ಕಂದಾಯ ನಿಯಮಗಳೂ ಪ್ರತಿ 100 ದನಗಳಿಗೆ 30 ಎಕರೆಯಂತೆ ಗೋಮಾಳ ಇರಬೇಕೆಂದು ವಿಧಿಸಿದವು. ಇದಲ್ಲದೆ ಕಂದಾಯ ಇಲಾಖೆಯಲ್ಲಿದ್ದು, ಕೃಷಿಗಿಂತ ಅರಣ್ಯಕ್ಕೆ ತಕ್ಕುದೆಂದು ಗುರುತಿಸಿದ ಸರಕಾರಿ ಭೂಮಿಯು ‘ಸಿ’ ಮತ್ತು ‘ಡಿ’ ದರ್ಜೆಯ ಭೂಮಿಯೆಂದು ಹೆಸರಾಯಿತು.

ಈ ಭೂಮಿಗಳ ವಿಶೇಷವೇನೆಂದರೆ, ದಾಖಲೆಯಲ್ಲಿ ಒಡೆತನ ಸರಕಾರದ್ದು, ಬಳಕೆ ಊರಿನದು. ಕುರುಬರ ಹಟ್ಟಿಯ ಕುರಿ, ಒಕ್ಕಲಿನ ಎತ್ತು, ಭೂಮಿಯಿಲ್ಲದವನ ಆಡು ಮೇಯುತ್ತಿದ್ದುದು ಇಲ್ಲಿಯೇ. ಒಲೆಗೆ ಪುರಲೆ, ಮಾಡಿಗೆ ಹುಲ್ಲು, ಎಲೆ ಹಚ್ಚಲು ಮುತ್ತುಗ, ನೇಗಿಲಿಗೆ ಜಾಲಿ, ಬರಗಾಲಕ್ಕೆ ಕಾಯಿ ಮತ್ತು ಗೆಡ್ಡೆಗಳು ದೊರೆಯುತ್ತಿದ್ದುದೂ ಇಲ್ಲಿಂದಲೇ. ಆದರೆ ಈ ಬಳಕೆಗೆ ಹಕ್ಕುಪತ್ರವೆಂಬುದು ಇರಲಿಲ್ಲ. ಅನುಮತಿಯಾಗಿ ಕೊಟ್ಟುದನ್ನು ಅಧಿಕಾರಿಯು ಹಿಂತೆಗೆದುಕೊಳ್ಳಬಹುದಾಗಿತ್ತು. ಕಚೇರಿಯ ಭಾಷೆಯಲ್ಲಿ ಇದು ‘ಪಾಳುಭೂಮಿ’. ಪಾಳೆಂಬ ಮಾತಿನ ಅರ್ಥವು ಇಲ್ಲಿ ಕಂದಾಯ ಬಾರದ ಭೂಮಿಯೆಂದೇ ಹೊರತು ಉಪಯೋಗವಿಲ್ಲದ ಭೂಮಿಯೆಂದಲ್ಲ. ಈ ಎರಡು ಅರ್ಥಗಳನ್ನು ಒಂದೆಂದು ತಿಳಿದುದೇ ಮುಂದಿನ ಅನೇಕ ಅನರ್ಥಗಳ ಮೂಲವೆಂದು ನಮಗೆ ತೋರುತ್ತದೆ. ಒಣಸೀಮೆಯ ಏಳು ರಾಜ್ಯಗಳ 80ಕ್ಕೂ ಹೆಚ್ಚು ಹಳ್ಳಿಗಳನ್ನು ಪರಿಶೀಲಿಸಿ 1986ರಲ್ಲಿ ಎನ್. ಎಸ್. ಜೋಧಾ ಅವರು ಪ್ರಕಟಿಸಿದ ಅಧ್ಯಯನದಿಂದ ಇಂಥ ಸಾಮುದಾಯಿಕ ಭೂಮಿಯು 1950ರ ದಶಕದಿಂದೀಚೆಗೆ ಸುಮಾರು ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ಕುಗ್ಗಿತೆಂದೂ, ಅದನ್ನು ಹೆಚ್ಚಾಗಿ ಆಶ್ರಯಿಸಿದವರು ಬಡವರೇ ಎಂದೂ ವಿದಿತವಾಗುವುದು.

1984ರ ನವೆಂಬರಿನಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಅದರಲ್ಲಿ ಸರಕಾರದ ಕಡೆಯ ಪಾಲು ನೂರಕ್ಕೆ 51, ಹರಿಹರ ಪಾಲಿಫೈಬರ್ಸಿನದು 49. ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳ ಸುಮಾರು 30,000 ಹೆಕ್ಟೇರು, ಅಂದರೆ 75,000 ಎಕರೆ ‘ಸಿ’ ಮತ್ತು ‘ಡಿ’ ದರ್ಜೆಯ ಭೂಮಿಯಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆದು ಕಾರ್ಖಾನೆಗೆ ಒದಗಿಸುವುದು ಅದರ ಯೋಜನೆ. ಸರಕಾರದ ದೃಷ್ಟಿಯಿಂದ ಇದು ಪಾಳುಭೂಮಿಯನ್ನು ಹಸಿರಾಗಿಸುವ ಕಾರ್ಯ. ಮೇವಿಗೆ ಹೊಡೆದುಕೊಂಡು ಬಂದ ದನವನ್ನು ಹಿಂದಿರುಗಿಸಿಕೊಂಡು ಹೋಗಬೇಕಾದವನಿಗೆ ಅದು ಬೇರೆಯಾಗಿಯೇ ಕಂಡಿತು.

ವಿರೋಧವು ಎರಡು ಮಾರ್ಗಗಳಲ್ಲಿ ನಡೆಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಸಾಹಿತಿ ಶಿವರಾಮ ಕಾರಂತರು ಮತ್ತಿತರರು 1986ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷದ ನವೆಂಬರ್ 14ರಂದು ಹಾನಗಲ್ಲು ತಾಲೂಕಿನ ಕುಸನೂರಿನಲ್ಲಿ, ಎಸ್. ಆರ್. ಹಿರೇಮಠರು ಮುಂದಾಳಾಗಿದ್ದ ಆ ಸಮುದಾಯದ ನೇತೃತ್ವದಲ್ಲಿ, ಸುಮಾರು 2,000 ಜನರು ಸೇರಿ ಸತ್ಯಾಗ್ರಹ ಮಾಡಿದರು. ಅದಕ್ಕೆ ‘ಕಿತ್ತಿಕೋ–ಹಚ್ಚಿಕೋ’ ಎಂದು ಹೆಸರು. ಸುಮಾರು 100 ನೀಲಗಿರಿ ಸಸಿಗಳನ್ನು ಕಿತ್ತು, ಆ ಸ್ಥಳದಲ್ಲಿ ಹಣ್ಣಿಗೂ ಮೇವಿಗೂ ಒದಗುವ ಸಸಿಗಳನ್ನು ಹಚ್ಚಿದರು. ಕಿತ್ತ ಸಸಿಗಳ ಸಂಖ್ಯೆಯು ಅತ್ಯಲ್ಪವೆಂಬುದನ್ನು ಗಮನಿಸಬೇಕು. ತೋಪನ್ನು ನಾಶಮಾಡುವುದು ಅವರ ಉದ್ದೇಶವಾಗಿರಲಿಲ್ಲ. ಆ ನೆಲದಲ್ಲಿ ಏನು ಬೆಳೆಯಬೇಕೆಂಬುದನ್ನು ನಿರ್ಣಯಿಸುವವರು ಯಾರೆಂದು ಕೇಳುವುದೇ ಉದ್ದೇಶವಾಗಿತ್ತು. ಕೊನೆಗೆ 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು.

ಇದಕ್ಕೆ ಮೊದಲೇ, 1983ರ ಆಗಸ್ಟಿನಲ್ಲಿ, ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತಿದ್ದರು. ಆ ಸಂದರ್ಭವು ಬೇರೆ. ವಿಶ್ವಬ್ಯಾಂಕಿನ ನೆರವು ಪಡೆದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರ, ಬೆಂಗಳೂರು ಮೊದಲಾದ ಜಿಲ್ಲೆಗಳ ದೊಡ್ಡ ಹಿಡುವಳಿದಾರರು ರಾಗಿಯ ಹೊಲದಲ್ಲಿಯೇ ನೀಲಗಿರಿಯನ್ನು ನೆಟ್ಟರು. ಅವರಿಗೆ ಅದು ಲಾಭಕರವಾಗಿತ್ತು. ಊರಲ್ಲಿ ಇರದೆಯೂ ಬೆಳೆ ತೆಗೆಯಬಹುದಾಗಿತ್ತು. ಆದರೆ ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆಗಳೆಂದು ವರ್ಷವರ್ಷವೂ ದೊರೆಯುತ್ತಿದ್ದ ಕೂಲಿಯು ನೆಡುವ ಮತ್ತು ಕಡಿಯುವ ದಿನಗಳಿಗೆ ಮಾತ್ರ ಇಳಿಯಿತು. ಕೋಲಾರದಲ್ಲಿ ಹೋದುದು ಕೂಲಿ, ಹಾನಗಲ್ಲಿನಲ್ಲಿ ಹೋಗುವಂತಿದ್ದುದು ಮೇವು. ಎರಡು ಕಡೆಯೂ ನಷ್ಟವು ಬಿದ್ದುದು ಭೂಮಿಯಿಲ್ಲದವರ ಮೇಲೆ.

ಈಗ ನೀರಿನ ವಿಷಯಕ್ಕೆ ಬರೋಣ. ನೀಲಗಿರಿಯು ಅಂತರ್ಜಲವನ್ನು ಹೀರುತ್ತದೆಂಬುದು ಜನಜನಿತವಾದ ಮಾತು. ಇದನ್ನು ಒಪ್ಪುವ ಅಥವಾ ತಳ್ಳುವ ಮೊದಲು ಪ್ರಯೋಗಗಳ ಫಲವನ್ನು ನೋಡುವುದು ಯುಕ್ತ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1985ರಲ್ಲಿ ಪ್ರಕಟಿಸಿದ ವರದಿಯು ಎಲ್ಲ ಸ್ಥಳಗಳಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲವೆಂದು ಹೇಳಿತು. ಇಯಾನ್ ಕಾಲ್ಡರ್ ಮತ್ತು ಸಂಗಡಿಗರು 1980ರ ದಶಕದ ಉತ್ತರಾರ್ಧದಿಂದ ಕರ್ನಾಟಕದಲ್ಲಿಯೇ ಅಳತೆಗಳನ್ನು ಕೈಗೊಂಡರು. ಶಿವಮೊಗ್ಗ ಜಿಲ್ಲೆಯ ಸ್ಥಳಗಳಲ್ಲಿ ನೀಲಗಿರಿಯ ನೀರಿನ ಬಳಕೆಯು ಅಲ್ಲಿಯ ಎಲೆಯುದುರುವ ಕಾಡಿನ ಬಳಕೆಗಿಂತ ಹೆಚ್ಚಾಗಿರಲಿಲ್ಲ. ಆದರೆ ರಾಗಿಯಂತಹ ಬೆಳೆಯ ಸುಮಾರು ಎರಡರಷ್ಟಿತ್ತು. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಬೇರುಗಳು ಸುಮಾರು 8 ಮೀಟರು ಇಳಿದಿದ್ದವು. ಮಳೆ ಕಡಮೆಯಾದ ಮೂರು ವರ್ಷಗಳಲ್ಲಿ ಬಿದ್ದ ಮಳೆ ಸುಮಾರು 2,100 ಮಿಲಿಮೀಟರು, ಮರಗಳ ಬಳಕೆ ಸುಮಾರು 3,400 ಮಿಲಿಮೀಟರು ಎಂದು ಲೆಕ್ಕವಾಯಿತು. ಹೆಚ್ಚಿನದು ನೆಲದಾಳದಲ್ಲಿ ಹಿಂದೆ ಸಂಗ್ರಹವಾಗಿದ್ದ ತೇವದಿಂದಲೇ ಬರಬೇಕು.

ಇವುಗಳಿಂದ ತಿಳಿಯುವುದೇನು? ಕಾಡಿನ ಬದಲಿಗೆ ನೆಟ್ಟರೆ ನೀರಿನ ವ್ಯತ್ಯಾಸವು ಅಲ್ಪ. ಹೊಲದ ಬದಲಿಗೆ ಆಳಮಣ್ಣಿನಲ್ಲಿ ನೆಟ್ಟರೆ ಅಧಿಕ. ಮರವು ಏನು ಮಾಡುವುದೆಂಬುದು ಅದಕ್ಕೆ ಮೊದಲು ಅಲ್ಲಿ ಏನಿತ್ತೆಂಬುದನ್ನು ಅವಲಂಬಿಸಿದೆ. ಸಾರದ ವಿಷಯದಲ್ಲಿಯೂ ಹೀಗೆಯೇ. ಪ್ರತಿ ಕಡಿತದೊಡನೆ ಮಣ್ಣಿನ ಪೋಷಕಾಂಶಗಳು ಊರಿನಿಂದ ಹೊರಗೆ ಸಾಗುವುವು. ಉದುರಿದ ಎಲೆಯನ್ನು ಒಲೆಗಾಗಿ ಗುಡಿಸಿ ಒಯ್ದರೆ ಮಳೆಹನಿಯ ಹೊಡೆತಕ್ಕೆ ನೆಲವು ಬಯಲಾಗುವುದು. ಇನ್ನೊಂದು ಕಡೆ, ಸವೆದ ಬೋಳುಗುಡ್ಡದ ಮೇಲೆ ಯಾವ ಮರವಾದರೂ ಸ್ವಲ್ಪ ಆಶ್ರಯವೇ ಸರಿ. ಹಾಗೆಯೇ ತೋಪಿನಲ್ಲಿ ನಾನಾ ಜಾತಿಯ ಹುಲ್ಲು, ಹಕ್ಕಿ, ಜೇನುಗಳಿಗೆ ಎಡೆಯು ಕಡಮೆಯೆಂಬುದನ್ನೂ ಒಪ್ಪಬೇಕು.

ಆದುದರಿಂದ ಹಾನಗಲ್ಲಿನ ವಿವಾದವನ್ನು ‘ನೀಲಗಿರಿ ಒಳ್ಳೆಯದೇ ಕೆಟ್ಟುದೇ’ ಎಂಬ ಪ್ರಶ್ನೆಗೆ ಇಳಿಸುವುದು ಸಮಂಜಸವಲ್ಲವೆಂದು ನಮ್ಮ ಅಭಿಪ್ರಾಯ. ನೀರಿನ ಲೆಕ್ಕವು ಕಾರ್ಖಾನೆಯ ಪರವಾಗಿಯೇ ಬಂದಿದ್ದರೂ ಕುಸನೂರಿನವರ ಪ್ರಶ್ನೆಯು ಹಾಗೆಯೇ ಉಳಿಯುತ್ತಿತ್ತು. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿಯೂ ಬ್ರೆಜಿಲಿನ ಎಸ್ಪಿರಿಟೊ ಸಾಂಟೊ ಪ್ರಾಂತದಲ್ಲಿಯೂ ಇದೇ ಮರದ ತೋಪುಗಳ ವಿರುದ್ಧ ಜನರು ಎದ್ದುದು ಮುಖ್ಯವಾಗಿ ಭೂಮಿಯ ಕಾರಣಕ್ಕೆ. 1952ರ ನಮ್ಮ ಅರಣ್ಯ ನೀತಿಯು ರಾಷ್ಟ್ರದ ಅಗತ್ಯವನ್ನು ಮುಂದಿಟ್ಟಿತ್ತು. 1988ರ ನೀತಿಯು ಸ್ಥಳೀಯ ಜನರ ಅಗತ್ಯಕ್ಕೆ ಆದ್ಯತೆಯಿತ್ತು, ಉದ್ಯಮವು ತನಗೆ ಬೇಕಾದ ಮರವನ್ನು ಬೆಳೆಗಾರರೊಡನೆ ನೇರ ಸಂಬಂಧದಿಂದ ಪಡೆಯಲೆಂದು ಹೇಳಿತು. ಕುಸನೂರಿನಂತಹ ಪ್ರಸಂಗಗಳ ಹಿನ್ನೆಲೆಯಲ್ಲಿ ಈ ಬದಲಾವಣೆಯನ್ನು ಓದಬೇಕು.

2017ರಲ್ಲಿ ರಾಜ್ಯ ಸರಕಾರವು ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇದರಿಂದ ಮರದ ಪ್ರಶ್ನೆಯು ಒಂದಿಷ್ಟು ಬಗೆಹರಿಯಿತೇ ಹೊರತು ನೆಲದ ಪ್ರಶ್ನೆಯಲ್ಲ. ಕಾಗದದ ಕಾರ್ಖಾನೆಗಾಗಿ ಮಲೆನಾಡಿನಲ್ಲಿ ಗುತ್ತಿಗೆಗೆ ಕೊಟ್ಟ ನೆಡುತೋಪುಗಳ ಅವಧಿಯು 2020ರಲ್ಲಿ ಮುಗಿದಾಗ ಅಕೇಶಿಯಾ ಮರದ ಹೆಸರಿನಲ್ಲಿ ಅದೇ ವಾದವು ಮತ್ತೆ ತಲೆಯೆತ್ತಿತು.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡತಕ್ಕ ಕೆಲಸವು ಬಹಳವಿದೆ. ನಮ್ಮಲ್ಲಿ ಶಾಸನಗಳ ಶೋಧವು ನಡೆದಷ್ಟು ಗಾಯರಾಣಗಳ ಶೋಧವು ನಡೆದಿಲ್ಲ. ಯಲವಿಗಿಯಿಂದ ಹಾನಗಲ್ಲಿನವರೆಗಿನ ಒಂದೊಂದು ಊರಿನಲ್ಲಿಯೂ ಗಾಯರಾಣದ ಸರ್ವೇ ನಂಬರು ಯಾವುದು, ಅದರ ವಿಸ್ತೀರ್ಣ ಎಷ್ಟಿತ್ತು, ಯಾವ ವರ್ಷ ಯಾವ ಕಾರಣದಿಂದ ಎಷ್ಟು ಕುಗ್ಗಿತು ಎಂಬುದನ್ನು ತಾಲೂಕು ಕಚೇರಿಯ ಕಾಗದಗಳಿಂದ ಸಂಗ್ರಹಿಸಬಹುದು. ಅಲ್ಲಿ ಯಾರು ಏನು ಮೇಯಿಸುತ್ತಿದ್ದರು, ಯಾವ ಮರದಿಂದ ಏನನ್ನು ತರುತ್ತಿದ್ದರು, ಸೌದೆಗೆ ಹೆಂಗಸರು ಎಷ್ಟು ದೂರ ಹೋಗಬೇಕಾಯಿತು ಎಂಬುದು ಯಾವ ಪಹಣಿಯಲ್ಲಿಯೂ ಇಲ್ಲ. ಅದು ಹಿರಿಯರ ನೆನಪಿನಲ್ಲಿ ಮಾತ್ರ ಇದೆ. 1987ರಲ್ಲಿ ಕುಸನೂರಿನಲ್ಲಿ ಸಸಿ ಹಚ್ಚಿದವರಲ್ಲಿ ಅಂದು ತರುಣರಾಗಿದ್ದವರೂ ಈಗ ವೃದ್ಧರಾಗಿದ್ದಾರೆ. ಕಾಗದವನ್ನು ಮುಂದಿನ ವರ್ಷವೂ ಓದಬಹುದು; ಅವರನ್ನು ಈಗಲೇ ಕಂಡು ಕೇಳಿ ಬರೆದಿಡುವುದು ಲೇಸು.