ಹಳೆಯ ಮೋಟಾರು ಗಾಡಿಯ ಹೊರಹಿಡಿಕೆ ಬಿಗಿಯುವುದೇಕೆ?

ಅಂಬಾಸಡರ್ ಗಾಡಿಯ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ನಿಂತಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಶ್ರೇಣಿಯನ್ನು ಅನುಸರಿಸಿ 1950ರ ದಶಕದ ಕೊನೆಯಲ್ಲಿ ರೂಪುಗೊಂಡ ಈ ವಾಹನ ಒಂದು ಕಾಲಕ್ಕೆ ಕಚೇರಿಗಳ ಮುಂದೆಯೂ ಬಾಡಿಗೆ ಗಾಡಿಗಳ ನಿಲ್ದಾಣಗಳಲ್ಲಿಯೂ ಸಾಲಾಗಿ ನಿಂತಿರುತ್ತಿತ್ತು. ಈಗ ಅದನ್ನು ಅಭಿಮಾನದಿಂದ ಕಾಪಾಡಿಕೊಂಡು ಬರುತ್ತಿರುವವರು ಕೆಲವರು. ಅಂಥವರೊಬ್ಬರ ಗಾಡಿ ನಮ್ಮ ಕಾರ್ಯಾಗಾರಕ್ಕೆ ಬಂದಾಗ ಅದರ ಮೇಲಿದ್ದ ದೂರು ಒಂದೇ: ಚಾಲಕನ ಬಾಗಿಲಿನ ಹೊರಹಿಡಿಕೆಯ ಗುಂಡಿಯನ್ನು ಒತ್ತಿದರೆ ಅದು ಒಳಕ್ಕೆ ಹೋಗುತ್ತಿತ್ತೇ ಹೊರತು ಹಿಂದಕ್ಕೆ ಬರುತ್ತಿರಲಿಲ್ಲ. ಎಷ್ಟು ಸಲ ಎಣ್ಣೆ ಬಿಟ್ಟರೂ ಎರಡು ವಾರದಲ್ಲಿ ಮತ್ತೆ ಅದೇ ಪಾಡು ಎಂದು ಒಡೆಯರು ಬೇಸರಗೊಂಡಿದ್ದರು.

ಇದನ್ನು ಬರಿಯ ಕಿರುಕುಳವೆಂದು ತಳ್ಳಿಹಾಕುವಂತಿಲ್ಲ. ಗುಂಡಿ ಒಳಗೇ ಉಳಿದರೆ ಅದರ ಹಿಂದಿನ ಕಡ್ಡಿ ಚಿಲಕದ ಸನ್ನೆಯನ್ನು ಅದುಮಿಕೊಂಡೇ ಇರುತ್ತದೆ. ಬಾಗಿಲು ಮುಚ್ಚಿದಂತೆ ಕಂಡರೂ ಚಿಲಕ ಪೂರ್ಣವಾಗಿ ಕಚ್ಚಿರುವುದಿಲ್ಲ. ತಿರುವಿನಲ್ಲಿಯೋ ಹಳ್ಳದಲ್ಲಿಯೋ ತೆರೆದುಕೊಳ್ಳಬಹುದು. ಸೊಂಟಪಟ್ಟಿಯಿಲ್ಲದ ಹಳೆಯ ಗಾಡಿಯಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಮೊದಲು ದೋಷದ ಸ್ಥಾನವನ್ನು ನಿರ್ಣಯಿಸಬೇಕು. ಒಳಗಿನ ಹಿಡಿಯಿಂದ ಬಾಗಿಲು ಹಗುರವಾಗಿ ತೆರೆದುಕೊಂಡರೆ ಚಿಲಕ ನಿರ್ದೋಷಿಯೆಂದು ತಿಳಿಯಬಹುದು. ಒಳಗಿನಿಂದಲೂ ಹೊರಗಿನಿಂದಲೂ ಬಿಗಿಯಾಗಿದ್ದರೆ ಬಾಗಿಲನ್ನು ಕೈಯಿಂದ ತುಸು ಮೇಲಕ್ಕೆತ್ತಿ ಪ್ರಯತ್ನಿಸಬೇಕು. ಆಗ ಸಲೀಸಾದರೆ ತಪ್ಪು ಹಿಡಿಕೆಯದಲ್ಲ, ಸವೆದ ಕೀಲಿನದು. ನಮ್ಮ ಮುಂದಿದ್ದ ಗಾಡಿಯಲ್ಲಿ ಬಾಗಿಲು ತೆರೆದಿದ್ದಾಗಲೂ ಗುಂಡಿ ಸಿಕ್ಕಿಕೊಳ್ಳುತ್ತಿತ್ತು. ಆದುದರಿಂದ ಒಳಹೊದಿಕೆಯ ಹಲಗೆಯನ್ನು ತೆಗೆದು, ಹಿಡಿಕೆಯ ನಟ್ಟುಗಳನ್ನು ಸಡಿಲಿಸಿ, ಅದನ್ನೇ ಮೇಜಿನ ಮೇಲೆ ಇಟ್ಟುಕೊಂಡೆವು.

ಇಲ್ಲಿ ಲೋಹದ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಇಂಥ ಹಿಡಿಕೆಗಳು ಹೊರನೋಟಕ್ಕೆ ಉಕ್ಕಿನಂತೆ ಥಳಥಳಿಸಿದರೂ ಸಾಮಾನ್ಯವಾಗಿ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬಿ ಎರಕಹೊಯ್ದವು. ಅದರಲ್ಲಿ ಸುಮಾರು ನೂರಕ್ಕೆ ನಾಲ್ಕು ಭಾಗ ಅಲ್ಯೂಮಿನಿಯಂ ಇರುತ್ತದೆ. ಸುಮಾರು 380 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುವುದರಿಂದ ಸೂಕ್ಷ್ಮವಾದ ಆಕಾರಗಳನ್ನು ಅಗ್ಗವಾಗಿ ಪಡೆಯಬಹುದು. ಮೇಲೆ ತಾಮ್ರ, ನಿಕ್ಕಲ್, ಕೊನೆಗೆ ಕ್ರೋಮಿಯಂ, ಹೀಗೆ ವಿದ್ಯುಲ್ಲೇಪ ಮಾಡುತ್ತಾರೆ. ಆದರೆ ವಿದ್ಯುಲ್ಲೇಪಕ್ಕೆ ಒಂದು ಸಹಜ ದೌರ್ಬಲ್ಯವುಂಟು: ಪ್ರವಾಹವು ಉಬ್ಬುಗಳಿಗೆ ಧಾರಾಳವಾಗಿಯೂ ಆಳವಾದ ರಂಧ್ರಗಳಿಗೆ ಜಿಪುಣತನದಿಂದಲೂ ಹರಿಯುತ್ತದೆ. ಹೀಗಾಗಿ ಕಣ್ಣಿಗೆ ಬೀಳುವ ಭಾಗ ಸುರಕ್ಷಿತವಾಗಿದ್ದು, ಗುಂಡಿ ಜಾರಾಡುವ ರಂಧ್ರದ ಗೋಡೆ ಬಹುಮಟ್ಟಿಗೆ ಬರಿಮೈಯಲ್ಲಿಯೇ ಉಳಿಯುತ್ತದೆ.

ಆ ರಂಧ್ರಕ್ಕೆ ಮಳೆಯ ನೀರು ಇಳಿಯುತ್ತದೆ, ಗಾಡಿ ತೊಳೆದ ನೀರೂ ಇಳಿಯುತ್ತದೆ. ಒಳಗೆ ಉಕ್ಕಿನ ಸ್ಪ್ರಿಂಗು ಇದೆ. ತೇವದಲ್ಲಿ ಉಕ್ಕು ಮತ್ತು ಸತು ಒಂದನ್ನೊಂದು ಮುಟ್ಟಿದಾಗ ಕ್ಷಯಿಸುವುದು ಸತುವೇ. ತಗಡಿನ ಮೇಲೆ ಸತುವಿನ ಲೇಪವಿಟ್ಟು ಕಬ್ಬಿಣವನ್ನು ರಕ್ಷಿಸುವುದು ಇದೇ ತತ್ತ್ವದ ಮೇಲೆ. ಇಲ್ಲಿ ಮಾತ್ರ ಆ ರಕ್ಷಣೆಯ ಬೆಲೆಯನ್ನು ಹಿಡಿಕೆ ತೆರುತ್ತದೆ. ಹುಟ್ಟುವ ಬಿಳಿಯ ಕಿಲುಬು ತಾನು ತಿಂದ ಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಕೂದಲೆಳೆಯಷ್ಟು ಬಿಡುವಿನ ರಂಧ್ರದಲ್ಲಿ ಇಷ್ಟು ಸಾಕು, ಗುಂಡಿ ಬೆಣೆ ಬಡಿದಂತೆ ಬಿಗಿಯುತ್ತದೆ.

ಎಣ್ಣೆ ಏಕೆ ಸೋಲುತ್ತದೆಂಬುದು ಈಗ ಸ್ಪಷ್ಟವಾದೀತು. ಎಣ್ಣೆ ಕಿಲುಬನ್ನು ಕರಗಿಸಲಾರದು. ಕೆಲವು ದಿನ ಜಾರಿಕೆಯನ್ನು ಒದಗಿಸಿ, ಆಮೇಲೆ ರಸ್ತೆಯ ಧೂಳನ್ನು ಹಿಡಿದಿಟ್ಟುಕೊಂಡು ಅಂಟಾದ ಕೆಸರಾಗುತ್ತದೆ. ನಾವು ಬಿಚ್ಚಿದ ಹಿಡಿಕೆಯಿಂದ ಹೊರಬಂದದ್ದು ಬಿಳಿಯ ಪುಡಿಯೂ ಕೆಮ್ಮಣ್ಣೂ ಹಳೆಯ ಎಣ್ಣೆಯೂ ಕಲೆತ ಒಂದು ಬಗೆಯ ಗಾರೆ.

ಗುಂಡಿಯನ್ನು ಹಿಡಿದಿರುವ ಉಂಗುರವನ್ನು ತೆಗೆಯುವಾಗ ಹಿಡಿಕೆಯನ್ನು ಬಟ್ಟೆಯಲ್ಲಿ ಸುತ್ತಿಕೊಳ್ಳುವುದು ಲೇಸು. ಇಲ್ಲವಾದರೆ ಸ್ಪ್ರಿಂಗು ಹಾರಿ ಕಾರ್ಯಾಗಾರದ ಮೂಲೆಮೂಲೆಯನ್ನು ಹುಡುಕಬೇಕಾದೀತು. ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಕುಂಚದಿಂದ ಉಜ್ಜಿ, ಉಳಿದ ಕಿಲುಬನ್ನು ಒಂದು ಕಡ್ಡಿಗೆ ಸುತ್ತಿದ ಅತಿ ನಯವಾದ ಉಪ್ಪುಕಾಗದದಿಂದ ತೆಗೆದೆವು. ರಂಧ್ರವನ್ನು ಅಗಲಿಸುವುದಲ್ಲ, ಅದರ ಮೊದಲಿನ ಗೋಡೆಯನ್ನು ಕಾಣುವುದೇ ಉದ್ದೇಶ. ಹಿತ್ತಾಳೆ ಪಾತ್ರೆಗೆ ಒಗ್ಗುವ ಹುಣಸೆಹಣ್ಣನ್ನು ಇಲ್ಲಿ ಬಳಸಬಾರದು. ಸತು ಆಮ್ಲಕ್ಕೂ ತಾಳದು, ತೀವ್ರವಾದ ಕ್ಷಾರಕ್ಕೂ ತಾಳದು. ಚೆನ್ನಾಗಿ ಒಣಗಿಸಿದ ಮೇಲೆ ನೀರಿಗೆ ಬಗ್ಗದ ಲಿಥಿಯಂ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು. ಎರಕವೇ ಸೀಳಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಬೇರೆ ಹಿಡಿಕೆಯನ್ನು ಹುಡುಕುವುದೇ ಮೇಲು.

ಇನ್ನು ಅನೇಕ ಮೇಸ್ತ್ರಿಗಳು ಉಪೇಕ್ಷಿಸುವ ಸಂಗತಿಗೆ ಬರುತ್ತೇವೆ. ಗುಂಡಿಯ ಹಿಂದಿನ ಕಡ್ಡಿಗೂ ಚಿಲಕದ ಸನ್ನೆಗೂ ನಡುವೆ ವಿಶ್ರಾಂತಿಯ ಸ್ಥಿತಿಯಲ್ಲಿ ಅಲ್ಪವಾದ ಬಿಡುವಿರಬೇಕು. ಬಿಡುವು ಅತಿಯಾದರೆ ಗುಂಡಿಯನ್ನು ಕೊನೆಯವರೆಗೆ ಒತ್ತಿದರೂ ಚಿಲಕ ಬಿಡದು. ಇಲ್ಲವೇ ಇಲ್ಲದಿದ್ದರೆ, ನಾವು ಮೊದಲು ಹೇಳಿದ ಅಪಾಯವನ್ನು ಶುಚಿಯಾದ ಹಿಡಿಕೆಯೂ ತಂದೊಡ್ಡುತ್ತದೆ. ಹೊಸ ರಬ್ಬರು ಪಟ್ಟಿ ಹಳೆಯದಕ್ಕಿಂತ ದಪ್ಪವಾಗಿದ್ದರೆ ಅಷ್ಟರಿಂದಲೇ ಈ ಬಿಡುವು ಬದಲಾಗುತ್ತದೆ. ಕಣ್ಣಿಗೆ ಕಾಣದ ಈ ಅಂತರವನ್ನು ಅಳೆಯಲು ನಾವು ಅಡಿಗೆಮನೆಯ ಉಪಾಯವನ್ನು ಅನುಸರಿಸಿದೆವು. ಕಡ್ಡಿಯ ತುದಿಗೆ ಚಪಾತಿಯ ಕಣಕದ ಸಣ್ಣ ಗುಳಿಗೆಯನ್ನು ಅಂಟಿಸಿ, ಗುಂಡಿಯನ್ನು ಮುಟ್ಟದೆ ಹಿಡಿಕೆಯನ್ನು ಜೋಡಿಸಿ ನಟ್ಟು ಬಿಗಿದು, ಮತ್ತೆ ಬಿಚ್ಚಿದರೆ ಚಪ್ಪಟೆಯಾದ ಕಣಕದ ದಪ್ಪವೇ ಬಿಡುವು. ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಅದನ್ನು ನಿಲ್ಲಿಸಿದೆವು. ಕಡ್ಡಿಯ ತುದಿಯಲ್ಲಿ ತಿರುಪು ಇರುವ ಹಿಡಿಕೆಗಳಲ್ಲಿ ಅದನ್ನು ತಿರುಗಿಸಿ ಸರಿಪಡಿಸಬಹುದು. ಇಲ್ಲದ ಕಡೆ ಪಟ್ಟಿಯ ದಪ್ಪವನ್ನೇ ಹೆಚ್ಚುಕಡಿಮೆ ಮಾಡಬೇಕು.

ಹಲಗೆಯನ್ನು ಮುಚ್ಚುವ ಮೊದಲು ಬಾಗಿಲಿನ ಅಡಿಯ ನೀರು ಹೋಗುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿದೆವು. ಅವು ಕಟ್ಟಿದ್ದರೆ ಬಾಗಿಲಿನ ಹೊಟ್ಟೆಯಲ್ಲಿ ತೇವ ನಿಂತು ಕಿಲುಬು ಮತ್ತೆ ಮೊಳೆಯುತ್ತದೆ. ಮೊದಲ ಪರೀಕ್ಷೆಗೆ ಬಾಗಿಲನ್ನು ಮುಚ್ಚುವಾಗ ಕಿಟಕಿಯ ಗಾಜನ್ನು ಪೂರ್ತಿಯಾಗಿ ಇಳಿಸಿರಬೇಕು: ಲೆಕ್ಕ ತಪ್ಪಿದ್ದರೆ ಕೈಯನ್ನು ಒಳಗೆ ಹಾಕಿ ತೆರೆಯಲು ಬೇರೆ ದಾರಿಯಿರುವುದಿಲ್ಲ.