ಹಳೆಯ ಗಣಕಯಂತ್ರಗಳೂ ಮುಕ್ತ ತಂತ್ರಾಂಶವೂ: ಹೊಂದಾಣಿಕೆಯ ಪರಿಶೀಲನೆ

ಶಾಲೆಯ ಗಣಕ ಪ್ರಯೋಗಾಲಯದ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿರುವ ಹಳೆಯ ಯಂತ್ರಗಳ ಬಗ್ಗೆ ಅಧ್ಯಾಪಕರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಪ್ರಚಲಿತವಾಗಿವೆ. ಅವುಗಳ ಆಯುಷ್ಯ ಮುಗಿಯಿತು, ಗುಜರಿಗೆ ಬರೆದುಬಿಡಬೇಕು ಎಂಬುದು ಒಂದು. ಲಿನಕ್ಸ್ ಹಾಕಿದರೆ ಎಂಥ ಹಳೆಯ ಯಂತ್ರವಾದರೂ ಓಡುತ್ತದೆ ಎಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳೇ. ಒಂದು ಗಣಕಯಂತ್ರವು ಹತ್ತಾರು ಬಿಡಿಭಾಗಗಳ ಕೂಟ. ಆ ಭಾಗಗಳಲ್ಲಿ ಯಾವುದನ್ನು ಹೊಸ ಕಾರ್ಯನಿರ್ವಹಣಾ ವ್ಯವಸ್ಥೆ ಗುರುತಿಸುತ್ತದೆ, ಯಾವುದನ್ನು ಗುರುತಿಸುವುದಿಲ್ಲ ಎಂಬುದರ ಮೇಲೆ ಯಂತ್ರದ ಭವಿಷ್ಯ ನಿಂತಿದೆ.

ಕೇರಳದ ಶಾಲೆಗಳಲ್ಲಿ ದುಡಿಯುವ ನಮಗೆ ಮುಕ್ತ ತಂತ್ರಾಂಶ ಹೊಸದಲ್ಲ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಗ್ನು-ಲಿನಕ್ಸನ್ನು ಅಳವಡಿಸಿಕೊಂಡಿತು. 2017ರಲ್ಲಿ ಅದೇ ಯೋಜನೆ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಉಬುಂಟುವನ್ನು ಆಧರಿಸಿ ಅದು ಸಿದ್ಧಪಡಿಸುವ ವ್ಯವಸ್ಥೆಯಲ್ಲಿಯೇ ನಮ್ಮ ಪಠ್ಯಪುಸ್ತಕದ ಅಭ್ಯಾಸಗಳೆಲ್ಲ ನಡೆಯುತ್ತವೆ. ಆದುದರಿಂದ ಪರೀಕ್ಷೆಗೆ ಮೀಸಲಾದ ಯಂತ್ರಗಳಲ್ಲಿ ಇಲಾಖೆ ಸೂಚಿಸಿದ ಆವೃತ್ತಿಯನ್ನೇ ಇರಿಸಿಕೊಳ್ಳಬೇಕು. ಅಲ್ಲಿ ಪ್ರಯೋಗ ಸಲ್ಲದು. ಇಲ್ಲಿ ಹೇಳಹೊರಟಿರುವುದು ಉಳಿದ ಯಂತ್ರಗಳ ಮಾತು. ಇಪ್ಪತ್ತನಾಲ್ಕು ಮಕ್ಕಳ ಕನ್ನಡ ವಿಭಾಗಕ್ಕೆ ಆರು ಯಂತ್ರಗಳಿದ್ದರೆ ಒಂದೊಂದರ ಮುಂದೆ ನಾಲ್ವರು ಕುಳಿತುಕೊಳ್ಳುತ್ತಾರೆ. ಎರಡು ಕೈಕೊಟ್ಟರೆ ಆರು ಮಂದಿ. ಆರನೆಯ ಮಗುವಿಗೆ ಮೌಸ್ ದೊರೆಯುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ರಂದು ನಿಂತುಹೋದುದರಿಂದ, ದಾನಿಗಳು ಕೊಟ್ಟ ಯಂತ್ರಗಳೂ ಇದೇ ಸಾಲಿಗೆ ಸೇರುತ್ತಿವೆ.

ಮೊದಲು ನೋಡಬೇಕಾದದ್ದು ಸಂಸ್ಕಾರಕವನ್ನು, ಅಂದರೆ ಪ್ರೊಸೆಸರನ್ನು. ಅದು 32 ಬಿಟ್‌ನದೋ 64 ಬಿಟ್‌ನದೋ ಎಂಬ ಒಂದೇ ಪ್ರಶ್ನೆ ಅರ್ಧ ನಿರ್ಣಯವನ್ನು ಮಾಡಿಬಿಡುತ್ತದೆ. ಉಬುಂಟು ತನ್ನ ಮುಖ್ಯ ಆವೃತ್ತಿಯ 32 ಬಿಟ್ ಅನುಸ್ಥಾಪನಾ ಪ್ರತಿಯನ್ನು 2017ರಲ್ಲಿಯೇ ಕೈಬಿಟ್ಟಿತು. ಡೆಬಿಯನ್ ಬಹುಕಾಲ ಅದನ್ನು ಕಾಪಾಡಿಕೊಂಡು ಬಂದರೂ 2025ರ ಆಗಸ್ಟ್‌ನಲ್ಲಿ ಹೊರಬಂದ ಹದಿಮೂರನೆಯ ಆವೃತ್ತಿಯಲ್ಲಿ ಅದೂ ನಿಲ್ಲಿಸಿತು. ಅಪ್ಪಟ 32 ಬಿಟ್ ಯಂತ್ರಕ್ಕೆ ಡೆಬಿಯನ್ ಹನ್ನೆರಡನೆಯ ಆವೃತ್ತಿಯೇ ಕೊನೆಯ ಆಸರೆ. ಅದರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ.

ಇಲ್ಲಿ ಹೆಸರುಗಳು ಮೋಸಗೊಳಿಸುವುದುಂಟು. ಇಂಟೆಲ್‌ನ ಕೋರ್ 2 ಡ್ಯುಯೊ 64 ಬಿಟ್‌ನದು. ನಡುವೆ ಎರಡರ ಅಂಕಿ ಇಲ್ಲದ ಕೋರ್ ಡ್ಯುಯೊ 32 ಬಿಟ್‌ನದು. 2008ರ ಸುಮಾರಿಗೆ ಬಂದ ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಆ್ಯಟಮ್ ಎನ್270 ಕೂಡ 32 ಬಿಟ್‌ಗೆ ಸೀಮಿತ. ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ: ಹಳೆಯ ವಿಂಡೋಸಿನಲ್ಲಿ ‘32 ಬಿಟ್ ವ್ಯವಸ್ಥೆ’ ಎಂದು ಬರೆದಿರುವುದನ್ನು ಕಂಡು ಯಂತ್ರವೇ 32 ಬಿಟ್‌ನದೆಂದು ತೀರ್ಮಾನಿಸುವುದು. ಆ ಸಾಲು ವ್ಯವಸ್ಥೆಯನ್ನು ಕುರಿತದ್ದು, ಸಂಸ್ಕಾರಕವನ್ನಲ್ಲ. ಹೀಗೆ ತಪ್ಪಾಗಿ ಕೈಬಿಟ್ಟ ಒಳ್ಳೆಯ ಯಂತ್ರಗಳನ್ನು ಈ ಲೇಖಕನೇ ಕಂಡಿದ್ದಾನೆ.

ಇನ್ನೂ ಒಂದು ವಿಚಿತ್ರ ಜಾತಿ ಇದೆ. 2013ರಿಂದ ಎರಡು-ಮೂರು ವರ್ಷ ಮಾರಾಟವಾದ ಅಗ್ಗದ ಆ್ಯಟಮ್ ಲ್ಯಾಪ್‌ಟಾಪ್‌ಗಳಲ್ಲಿ ಸಂಸ್ಕಾರಕ 64 ಬಿಟ್‌ನದಾದರೂ ಯಂತ್ರವನ್ನು ಎಬ್ಬಿಸುವ ಯುಇಎಫ್ಐ 32 ಬಿಟ್‌ನದು. ಅಂಥವುಗಳಿಗೆ ಪೆನ್‌ಡ್ರೈವ್ ಹಾಕಿದರೆ ಅದು ಕಣ್ಣಿಗೇ ಬೀಳದಂತೆ ಕುಳಿತಿರುತ್ತದೆ; ಪೆನ್‌ಡ್ರೈವ್ ಕೆಟ್ಟಿದೆಯೆಂದು ಬೇರೆ ಬೇರೆಯದನ್ನು ಚುಚ್ಚಿ ನೋಡುವುದರಲ್ಲಿ ಒಂದು ಶನಿವಾರವೇ ಕಳೆದುಹೋಗುತ್ತದೆ. ಡೆಬಿಯನ್ ಈ ಜೋಡಿಗೆ 2015ರ ಎಂಟನೆಯ ಆವೃತ್ತಿಯಿಂದಲೇ ಅವಕಾಶ ಕಲ್ಪಿಸಿದೆ.

ಸಂಸ್ಕಾರಕದ ಪರೀಕ್ಷೆ ಮುಗಿದ ಮೇಲೆ ಉಳಿದುದನ್ನು ಊಹಿಸುವ ಅಗತ್ಯವಿಲ್ಲ, ಓಡಿಸಿಯೇ ನೋಡಬಹುದು. ಹೆಚ್ಚಿನ ಲಿನಕ್ಸ್ ವಿತರಣೆಗಳನ್ನು ಹಾರ್ಡ್ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ನಡೆಸಬಹುದು. ಇದನ್ನು ಲೈವ್ ವಿಧಾನವೆನ್ನುತ್ತಾರೆ. ಪೆನ್‌ಡ್ರೈವಿನಿಂದ ಏಳಲಾರದಷ್ಟು ಹಳೆಯ ಯಂತ್ರವಾದರೆ ಡಿವಿಡಿ ಬಳಸಬೇಕಾದೀತು. ಪರದೆ ಬಂದೊಡನೆ ಟರ್ಮಿನಲ್ ತೆರೆದು ಎಲ್, ಎಸ್, ಸಿ, ಪಿ, ಯು ಎಂಬ ಐದು ಸಣ್ಣಕ್ಷರಗಳನ್ನು ಅಂತರವಿಲ್ಲದೆ ಬೆರಳಚ್ಚಿಸಿದರೆ ಸಂಸ್ಕಾರಕದ ಜಾತಕವೇ ಮುಂದೆ ಬರುತ್ತದೆ. ಕೊನೆಯ ಮೂರಕ್ಷರಗಳ ಬದಲು ಪಿ, ಸಿ, ಐ ಎಂದು ಬರೆದು, ಒಂದು ಅಂತರ ಬಿಟ್ಟು ಅಡ್ಡಗೆರೆ ಮತ್ತು ಕೆ ಸೇರಿಸಿದರೆ ಒಳಗಿನ ಕಾರ್ಡುಗಳ ಪಟ್ಟಿಯೂ, ಪ್ರತಿಯೊಂದಕ್ಕೂ ಯಾವ ಚಾಲಕ ತಂತ್ರಾಂಶ ದೊರೆತಿದೆ ಎಂಬುದೂ ತಿಳಿಯುತ್ತದೆ. ಕಾರ್ಡಿನ ಹೆಸರಿದ್ದು ಅದರ ಕೆಳಗೆ ಚಾಲಕದ ಸಾಲು ಇಲ್ಲದಿದ್ದರೆ ತೊಂದರೆ ಅಲ್ಲಿಯೇ ಇದೆ. ಇದನ್ನು ಒಂಬತ್ತನೆಯ ತರಗತಿಯ ಮಕ್ಕಳಿಂದಲೇ ಮಾಡಿಸಬಹುದು. ಯಂತ್ರಾಂಶದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗಲಾರದು.

ಚಿತ್ರಾತ್ಮಕ ಭಾಗದಲ್ಲಿ ಇಂಟೆಲ್‌ನ ಒಳಜೋಡಣೆಯ ಗ್ರಾಫಿಕ್ಸ್ ಸಾಮಾನ್ಯವಾಗಿ ತಕರಾರಿಲ್ಲದೆ ನಡೆಯುತ್ತದೆ, ಏಕೆಂದರೆ ಅದರ ಚಾಲಕ ಕರ್ನಲ್‌ನಲ್ಲಿಯೇ ಇದೆ. ಜಿಎಂಎ 500 ಮತ್ತು ಜಿಎಂಎ 3600 ಇದಕ್ಕೆ ಅಪವಾದಗಳು. ಅವುಗಳ ಒಳಗಿರುವುದು ಪವರ್‌ವಿಆರ್ ಎಂಬ ಬೇರೊಂದು ವಿನ್ಯಾಸ. ಪರದೆ ಮೂಡುತ್ತದೆ, ಆದರೆ ವೀಡಿಯೊ ಕುಂಟುತ್ತದೆ. ಎನ್‌ವಿಡಿಯಾದ ಹಳೆಯ ಕಾರ್ಡುಗಳಿಗೆ ನುವೊ ಎಂಬ ಮುಕ್ತ ಚಾಲಕವಿದೆ. ಪರದೆ ಕಪ್ಪಾಗಿಯೇ ಉಳಿದರೆ, ಆರಂಭದ ಪಟ್ಟಿಯಲ್ಲಿ ‘ನೋಮೋಡ್‌ಸೆಟ್’ ಎಂಬ ಆಯ್ಕೆಯನ್ನು ಸೇರಿಸಿ ಒಮ್ಮೆ ಪ್ರಯತ್ನಿಸಬಹುದು.

ತಂತಿಯ ಮೂಲಕ ಬರುವ ಜಾಲಸಂಪರ್ಕಕ್ಕೆ ಅಡ್ಡಿಯಾಗುವುದು ಅಪರೂಪ. ವೈಫೈ ಹಾಗಲ್ಲ. ಅನೇಕ ವೈಫೈ ಚಿಪ್‌ಗಳಿಗೆ ಚಾಲಕದ ಜೊತೆಗೆ ಫರ್ಮ್‌ವೇರ್ ಎಂಬ ಇನ್ನೊಂದು ಕಡತವೂ ಬೇಕು. ಅದರ ಮೂಲ ಸಂಕೇತವನ್ನು ತಯಾರಕರು ಬಹಿರಂಗಪಡಿಸದಿರುವುದರಿಂದ ಕೆಲವು ವಿತರಣೆಗಳು ಬಹುಕಾಲ ಅದನ್ನು ಹೊರಗಿಟ್ಟಿದ್ದವು. ಬ್ರಾಡ್‌ಕಾಮ್ ಚಿಪ್‌ಗಳ ಬಗ್ಗೆ ಕೇಳಿಬರುತ್ತಿದ್ದ ದೂರಿಗೆ ಇದೇ ಮುಖ್ಯ ಕಾರಣ. ಡೆಬಿಯನ್ ಹನ್ನೆರಡನೆಯ ಆವೃತ್ತಿಯಿಂದ ಇಂಥ ಕಡತಗಳನ್ನು ಅನುಸ್ಥಾಪನಾ ಮಾಧ್ಯಮದಲ್ಲಿಯೇ ಕೊಡುತ್ತಿರುವುದರಿಂದ ಕಷ್ಟ ಬಹಳ ತಗ್ಗಿದೆ.

ರ್‍ಯಾಮ್ 2 ಜಿಬಿ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಪರದೆಯೊಂದಿಗೆ ಲಿಬ್ರೆಆಫೀಸ್, ಜಿಯೊಜಿಬ್ರಾ, ಜಿಕಾಂಪ್ರಿಗಳನ್ನು ನಡೆಸಬಹುದು. ನುಂಗುವುದು ಬ್ರೌಸರು. ಹಾರ್ಡ್ ಡಿಸ್ಕಿನ ಬದಲು ಸಣ್ಣ ಎಸ್‌ಎಸ್‌ಡಿ ಹಾಕಿದರೆ ಆಗುವ ವ್ಯತ್ಯಾಸ ಇನ್ನಾವ ವೆಚ್ಚದಿಂದಲೂ ಆಗದು. ಆದರೆ ಅದಕ್ಕೆ ಸಾಟಾ ಸಂಪರ್ಕವಿರಬೇಕು.

ಮುದ್ರಕಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಪ್ರಶ್ನೆಪತ್ರಿಕೆಯ ಹಿಂದಿನ ದಿನವೇ ಅವುಗಳ ನೆನಪಾಗುವುದು. ನಮ್ಮ ಕಚೇರಿಗಳಲ್ಲಿ ಬಹಳವಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಸಿಎಪಿಟಿ ಎಂಬ ತನ್ನದೇ ಭಾಷೆಯಲ್ಲಿ ಮಾತ್ರ ವ್ಯವಹರಿಸುತ್ತದೆ; ಲಿನಕ್ಸ್ ಅದನ್ನು ತಾನಾಗಿ ಅರಿಯದು, ಪ್ರತ್ಯೇಕ ಚಾಲಕ ಬೇಕು, ಹಾಕಿದ ಮೇಲೂ ಅದು ಮೊಂಡು ಹಿಡಿಯಬಹುದು. ಎಚ್‌ಪಿ ಲೇಸರ್‌ಜೆಟ್ 1020ರ ಕಥೆ ಬೇರೆ. ಅದು ತನ್ನ ಫರ್ಮ್‌ವೇರನ್ನು ಶಾಶ್ವತವಾಗಿ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ವಿದ್ಯುತ್ ಕೊಟ್ಟಾಗಲೂ ಗಣಕದಿಂದ ಫರ್ಮ್‌ವೇರ್ ಕಳುಹಿಸಬೇಕು. ಎಚ್‌ಪಿಲಿಪ್ ತಂತ್ರಾಂಶಕ್ಕೆ ಅಗತ್ಯ ಪೂರಕವನ್ನು ಒಮ್ಮೆ ಸೇರಿಸಿಕೊಟ್ಟರೆ ಆ ಕೆಲಸ ತಾನಾಗಿ ನಡೆಯುತ್ತದೆ. ಶಾಲೆಗೆ ಮುದ್ರಕ ಕೊಳ್ಳುವಾಗ ಬೆಲೆ ವಿಚಾರಿಸುವ ಮೊದಲು ಲಿನಕ್ಸ್ ಹೊಂದಾಣಿಕೆಯನ್ನು ವಿಚಾರಿಸುವುದು ಲೇಸು.

ಒಂದು ಚಿಕ್ಕ ವಸ್ತು ಅನೇಕರನ್ನು ಕಾಡಿದೆ: ಮದರ್‌ಬೋರ್ಡಿನಲ್ಲಿರುವ ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ. ಅದು ತೀರಿದರೆ ಯಂತ್ರದ ದಿನಾಂಕ ಹಲವಾರು ವರ್ಷ ಹಿಂದಕ್ಕೆ ಸರಿಯುತ್ತದೆ. ಆಗ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳು ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಬ್ರೌಸರ್ ತಕರಾರು ತೆಗೆಯುತ್ತದೆ; ತಂತ್ರಾಂಶ ಪರಿಷ್ಕರಣೆಯೂ ಅದೇ ಕಾರಣಕ್ಕೆ ನಿರಾಕರಿಸಲ್ಪಡುತ್ತದೆ. ಈ ಲೇಖಕನು ಹಿಂದೊಮ್ಮೆ ಇಡೀ ವ್ಯವಸ್ಥೆಯನ್ನು ಅಳಿಸಿ ಎರಡು ಬಾರಿ ಮರುಸ್ಥಾಪಿಸಿದ ಮೇಲೆ, ಪರದೆಯ ಮೂಲೆಯಲ್ಲಿದ್ದ ಇಸವಿಯನ್ನು ತೋರಿಸಿಕೊಟ್ಟವಳು ಏಳನೆಯ ತರಗತಿಯ ವಿದ್ಯಾರ್ಥಿನಿ.

ಯಂತ್ರ ಎದ್ದು ನಿಂತ ಮೇಲೆ ಕನ್ನಡದ ಪ್ರಶ್ನೆ. ಯೂನಿಕೋಡ್ ಕನ್ನಡಕ್ಕೆ ಲೋಹಿತ್, ಗುಬ್ಬಿ, ನವಿಲು ಅಕ್ಷರಶೈಲಿಗಳು ಡೆಬಿಯನ್ ಮತ್ತು ಉಬುಂಟು ಭಂಡಾರಗಳಲ್ಲಿಯೇ ಇವೆ; ಐಬಸ್ ಮೂಲಕ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನು ಆರಿಸಿಕೊಳ್ಳಬಹುದು. ಆದರೆ ಹಿಂದಿನ ಯಂತ್ರದಿಂದ ಉಳಿಸಿ ತಂದ ಪ್ರಶ್ನೆಪತ್ರಿಕೆಗಳನ್ನು ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಂಡರೆ ಗಾಬರಿಯಾಗಬೇಕಾಗಿಲ್ಲ, ಯಂತ್ರಾಂಶವನ್ನು ದೂಷಿಸಬೇಕಾಗಿಯೂ ಇಲ್ಲ. ಅವು ಯೂನಿಕೋಡ್‌ಗೆ ಮೊದಲಿನ ನುಡಿ ಅಥವಾ ಬರಹ ಸಂಕೇತದಲ್ಲಿ ಬೆರಳಚ್ಚಾದವು. ಅಲ್ಲಿ ಕನ್ನಡ ಇದ್ದುದು ಅಕ್ಷರಶೈಲಿಯ ಆಕಾರದಲ್ಲಿ ಮಾತ್ರ. ಅಂಥ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಕಣ್ಣಾರೆ ತಿದ್ದಿಕೊಳ್ಳಬೇಕು. ಹಳೆಯ ಡಿಸ್ಕನ್ನು ಅಳಿಸುವ ಮೊದಲೇ ಈ ಕೆಲಸ ಮುಗಿದಿರಬೇಕು.