ಮೆಟ್ಟಿಲು ಹತ್ತಿದರೆ ಸಿಗುವ ಧಾರವಾಡ

ಧಾರವಾಡದ ಸುಭಾಷ ರಸ್ತೆ ಪಕ್ಕಾ ಪೇಟೆಯ ರಸ್ತೆ. ಅಂಗಡಿಗೆ ಅಂಗಡಿ ಅಂಟಿಕೊಂಡಿದೆ, ಫುಟ್‌ಪಾತಿನ ಮೇಲೂ ವ್ಯಾಪಾರ, ನಡುವೆ ಆಟೋಗಳ ಹಾರ್ನು. ಈ ಗದ್ದಲದ ಮಧ್ಯೆ ಲಕ್ಷ್ಮೀ ಭವನ ಎಂಬ ಕಟ್ಟಡವಿದೆ. ಅದರ ಮೆಟ್ಟಿಲು ಹತ್ತಿ ಹೋದರೆ ಮನೋಹರ ಗ್ರಂಥಮಾಲೆ. ಊರಿನವರ ಬಾಯಲ್ಲಿ ಅದು ಬರೀ ‘ಅಟ್ಟ’. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’, ಗಿರೀಶ ಕಾರ್ನಾಡರ ‘ಯಯಾತಿ’ ಮತ್ತು ‘ತುಘಲಕ್’, ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ ಮೊದಲು ಪುಸ್ತಕವಾಗಿ ಹೊರಬಂದದ್ದು ಈ ಪ್ರಕಾಶನದಿಂದ. ಆಧುನಿಕ ಕನ್ನಡ ಸಾಹಿತ್ಯ ಓದಿದ ಯಾರಿಗೇ ಆಗಲಿ ಇದು ಯಾತ್ರಾಸ್ಥಳ. ಆದರೆ ಹೊಸಬರು ಇದೇ ಕಟ್ಟಡದ ಮುಂದೆ ನಾಲ್ಕು ಸಲ ಓಡಾಡಿದರೂ ಮೇಲೆ ಏನಿದೆ ಎಂದು ಗೊತ್ತಾಗುವುದಿಲ್ಲ.

ಧಾರವಾಡ ಇರುವುದೇ ಹೀಗೆ. ಹೊರಗಿನಿಂದ ಬಂದವರು ಇಲ್ಲಿ ನೋಡಲು ಏನಿದೆ ಎಂದು ಕೇಳಿದರೆ ಆಟೋದವರು ಕೂಡ ಒಂದು ಕ್ಷಣ ಯೋಚಿಸುತ್ತಾರೆ. ಮೈಸೂರಿನಲ್ಲಿ ಅರಮನೆ ಕಣ್ಣಿಗೆ ಹೊಡೆಯುತ್ತದೆ, ವಿಜಯಪುರದಲ್ಲಿ ಗುಮ್ಮಟ ದೂರದಿಂದಲೇ ಕರೆಯುತ್ತದೆ. ಇಲ್ಲಿ ಅಂಥದ್ದೇನೂ ತಲೆಯೆತ್ತಿ ನಿಂತಿಲ್ಲ. ಈ ಊರಿನ ದೊಡ್ಡ ಕೆಲಸಗಳೆಲ್ಲ ಚಿಕ್ಕ ಕೋಣೆಗಳಲ್ಲಿ, ಮನೆಯ ಪಡಸಾಲೆಗಳಲ್ಲಿ, ಅಂಗಡಿಯ ಹಿಂದಿನ ಒಲೆಗಳ ಮುಂದೆ ನಡೆದಿವೆ. ಬಾಗಿಲು ತಟ್ಟಬೇಕು, ಮೆಟ್ಟಿಲು ಹತ್ತಬೇಕು, ಕೂತು ಮಾತಾಡಬೇಕು. ಅಷ್ಟು ಮಾಡಿದವರಿಗೆ ಇಷ್ಟು ಕೊಡುವ ಇನ್ನೊಂದು ಊರನ್ನು ನಾನಂತೂ ಕಂಡಿಲ್ಲ.

ಅಟ್ಟದ ಕಥೆಯನ್ನೇ ಮುಂದುವರಿಸೋಣ. ಗ್ರಂಥಮಾಲೆ ಹುಟ್ಟಿದ್ದು 1933ರಲ್ಲಿ. ಕಟ್ಟಿದವರು ಜಿ.ಬಿ. ಜೋಶಿ. ‘ಜಡಭರತ’ ಎಂಬ ಹೆಸರಿನಲ್ಲಿ ‘ಮೂಕಬಲಿ’, ‘ಕದಡಿದ ನೀರು’, ‘ಸತ್ತವರ ನೆರಳು’ ನಾಟಕಗಳನ್ನು ಬರೆದವರು. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಕನ್ನಡ ಓದುವವರು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. ಪುಸ್ತಕದ ಅಂಗಡಿಗಳನ್ನು ನಂಬಿ ಪ್ರಕಾಶನ ನಡೆಸುವ ಹಾಗಿರಲಿಲ್ಲ. ಜೋಶಿಯವರು ಹಿಡಿದದ್ದು ಚಂದಾದಾರರ ದಾರಿ. ವರ್ಷಕ್ಕಿಷ್ಟು ಎಂದು ಮೊದಲೇ ಹಣ ಕೊಟ್ಟ ಓದುಗರಿಗೆ ಆ ವರ್ಷದ ಪುಸ್ತಕಗಳು ತಲುಪುತ್ತಿದ್ದವು. ಲೇಖಕನ ಹೆಸರು ಕೇಳಿರದಿದ್ದರೂ ಚಂದಾದಾರ ದುಡ್ಡು ಕಟ್ಟುತ್ತಿದ್ದ, ಏಕೆಂದರೆ ಅವನ ವಿಶ್ವಾಸವಿದ್ದದ್ದು ಆರಿಸುವವರ ಮೇಲೆ. ಆ ವಿಶ್ವಾಸ ಇದ್ದುದರಿಂದಲೇ ಹೊಸಬರ ಹಸ್ತಪ್ರತಿಗಳನ್ನು ಧೈರ್ಯವಾಗಿ ಅಚ್ಚು ಹಾಕಲು ಸಾಧ್ಯವಾಯಿತು. ‘ಯಯಾತಿ’ 1961ರಲ್ಲಿ ಪ್ರಕಟವಾದಾಗ ಕಾರ್ನಾಡರಿಗೆ ಇಪ್ಪತ್ಮೂರು ವರ್ಷ.

ಹಸ್ತಪ್ರತಿಗಳನ್ನು ಓದಿ, ತಿದ್ದಿ, ಬೇಡವಾದರೆ ಬೇಡ ಎಂದು ಹೇಳುವ ಕೆಲಸದಲ್ಲಿ ಜೋಶಿಯವರ ಜೊತೆ ನಿಂತವರು ವಿಮರ್ಶಕ ಕೀರ್ತಿನಾಥ ಕುರ್ತಕೋಟಿ. ಕನ್ನಡದಲ್ಲಿ ಇತಿಹಾಸವನ್ನು ಗಟ್ಟಿಯಾಗಿ ಎದುರಿಸುವ ನಾಟಕ ಬಂದಿಲ್ಲ ಎಂಬ ಅವರ ಮಾತೇ ತಮ್ಮನ್ನು ಇತಿಹಾಸದ ಪುಸ್ತಕಗಳತ್ತ ತಳ್ಳಿತು, ಅಲ್ಲಿಂದ ‘ತುಘಲಕ್’ ಹುಟ್ಟಿತು ಎಂದು ಕಾರ್ನಾಡರು ಹೇಳಿಕೊಂಡಿದ್ದಾರೆ. ಒಂದು ಊರಿನ ಹರಟೆಯಿಂದ ಇಡೀ ದೇಶ ಆಡಿದ ನಾಟಕವೊಂದು ಬಂತು. ಅಟ್ಟದಲ್ಲಿ ನಡೆಯುತ್ತಿದ್ದದ್ದು ಬಹುಪಾಲು ಇದೇ: ಚಹಾ, ಮಾತು, ಜಗಳ, ಮತ್ತೆ ಚಹಾ. ಕವಿ ಬೇಂದ್ರೆ, ನಾಟಕಕಾರ ಶ್ರೀರಂಗರಂಥವರು ಇಲ್ಲಿಗೆ ಪುಸ್ತಕ ಕೊಟ್ಟದ್ದು ಮಾತ್ರವಲ್ಲ, ಬಂದು ಕೂತಿದ್ದಾರೆ. ಜೋಶಿಯವರು 1993ರಲ್ಲಿ ತೀರಿಕೊಂಡ ಮೇಲೆ ಮಗ ರಮಾಕಾಂತ ಜೋಶಿ ಆ ಗಾದಿಯನ್ನು ನಡೆಸಿಕೊಂಡು ಬಂದರು. ಕಾರ್ನಾಡರು ತಮ್ಮ ಆತ್ಮಕಥೆ ‘ಆಡಾಡತಾ ಆಯುಷ್ಯ’ವನ್ನು 2011ರಲ್ಲಿ ಕೊಟ್ಟದ್ದೂ ಇದೇ ಅಟ್ಟಕ್ಕೆ. ಐವತ್ತು ವರ್ಷ ಕಳೆದರೂ ಲೇಖಕ ಮೊದಲ ಪ್ರಕಾಶಕರನ್ನು ಬಿಡಲಿಲ್ಲ. ಪ್ರಕಾಶನದ ವ್ಯವಹಾರ ಬಲ್ಲವರಿಗೆ ಇದು ಎಷ್ಟು ಅಪರೂಪ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ನೆಲ ಹದವಾದದ್ದು 1933ಕ್ಕಿಂತ ಬಹಳ ಮೊದಲು. ಶಾಲೆ, ಕಚೇರಿಗಳಲ್ಲಿ ಮರಾಠಿಯೇ ಮುಂದಿದ್ದ ಕಾಲದಲ್ಲಿ, 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡದಲ್ಲಿ ಬರೆಯಿರಿ, ಅಚ್ಚಿಗೆ ನೆರವು ನಾವು ಕೊಡುತ್ತೇವೆ ಎಂದು ಅದು ಜನರನ್ನು ಕರೆಯಿತು. ‘ವಾಗ್ಭೂಷಣ’ ಪತ್ರಿಕೆ ನಡೆಸಿತು. ಮುಂದೆ ಕರ್ನಾಟಕ ಏಕೀಕರಣದ ಚಳವಳಿಗೆ ಬೆನ್ನೆಲುಬಾಯಿತು. ‘ಕರ್ನಾಟಕ ಗತವೈಭವ’ ಬರೆದ ಆಲೂರು ವೆಂಕಟರಾಯರು ಇದೇ ಊರಿನಲ್ಲಿದ್ದು ದುಡಿದವರು. ಸಂಘದ ಸಭಾಂಗಣದಲ್ಲಿ ಇಂದಿಗೂ ಉಪನ್ಯಾಸ, ಪುಸ್ತಕ ಬಿಡುಗಡೆ ನಡೆಯುತ್ತಲೇ ಇರುತ್ತವೆ. ಹೊರಗಿನವರು ಧಾರಾಳವಾಗಿ ಹೋಗಿ ಹಿಂದಿನ ಸಾಲಿನಲ್ಲಿ ಕೂರಬಹುದು. ಮುಗಿದ ಮೇಲೆ ಯಾರಾದರೊಬ್ಬರು “ಯಾವೂರ್ರೀ ನಿಮ್ಮದು? ಬರ್ರಿ, ಚಹಾ ಕುಡಿಯೂಣು” ಎನ್ನದೆ ಬಿಡುವುದಿಲ್ಲ. ಆ ಚಹಾಕ್ಕೆ ಇಲ್ಲ ಅನ್ನಬಾರದು. ಊರಿನ ಅರ್ಧ ಪರಿಚಯ ಆಗುವುದು ಅಲ್ಲೇ.

ಇನ್ನು ಪೇಢಾ. ಧಾರವಾಡ ಎಂದೊಡನೆ ಎಲ್ಲರ ನಾಲಿಗೆಗೆ ಬರುವುದು ಅದೇ, ಆದರೆ ಅದರ ಹಿಂದಿನ ಸಂಗತಿ ಬಲ್ಲವರು ಕಡಿಮೆ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ಇಲ್ಲಿ ನೆಲೆನಿಂತ ಠಾಕೂರ್ ಮನೆತನ ಆರಂಭಿಸಿದ ಸಿಹಿ ಇದು. ಬಾಬುಸಿಂಗ್ ಠಾಕೂರರ ಕಾಲಕ್ಕೆ ಲೈನ್ ಬಜಾರಿನ ಅಂಗಡಿ ಮನೆಮಾತಾಯಿತು. 1933ರಲ್ಲಿ ಮಿಶ್ರಾ ಮನೆತನದವರೂ ಪೇಢಾಕ್ಕೆ ಕೈಹಾಕಿದರು. ಈಗ ಊರೂರಿನ ಬಸ್ ನಿಲ್ದಾಣಗಳಲ್ಲಿ ಕಾಣುವ ಪೊಟ್ಟಣಗಳು ಅವರವು. ಉತ್ತರದ ಬಿಳಿ ಪೇಢಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬೆಂಕಿಯದು. ಹಾಲನ್ನು ಕುದಿಸಿ ಖೋವಾ ಮಾಡಿದರೆ ಅರ್ಧ ಕೆಲಸವಷ್ಟೇ ಆದಂತೆ. ಆ ಖೋವಾಕ್ಕೆ ಸಕ್ಕರೆ ಬೆರೆಸಿ ಕಬ್ಬಿಣದ ಕಡಾಯಿಯಲ್ಲಿ ಹದವಾದ ಉರಿಯಲ್ಲಿ ಕೈಬಿಡದೆ ಹುರಿಯಬೇಕು. ಕೈ ನಿಂತರೆ ತಳ ಹತ್ತುತ್ತದೆ, ಉರಿ ಹೆಚ್ಚಾದರೆ ಕಹಿ. ಬಿಳಿ ಹೋಗಿ ಕೆಂಪು, ಕೆಂಪು ಹೋಗಿ ಕಂದು ಬಣ್ಣ ಬಂದಾಗ ಇಳಿಸಿ, ಉಂಡೆ ಕಟ್ಟಿ, ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಬಾಯಿಗಿಟ್ಟರೆ ಮೊದಲು ಮರಳುಮರಳಾಗಿ ಸಕ್ಕರೆ, ಆಮೇಲೆ ಹುರಿದ ಹಾಲಿನ ಘಮ. ಪೇಢಾಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ.

ಆ ಹಾಲಿನ ಎಮ್ಮೆಯನ್ನೂ ಮರೆಯಬಾರದು. ಧಾರವಾಡಿ ಎಮ್ಮೆಯ ಕೊಂಬು ಅರ್ಧಚಂದ್ರದ ಹಾಗೆ ಹಿಂದಕ್ಕೆ ಬಾಗಿರುತ್ತದೆ. ಗವಳಿ ಜನ ತಲೆತಲಾಂತರದಿಂದ ಸಾಕಿಕೊಂಡು ಬಂದ ಈ ಎಮ್ಮೆಗೆ ಪ್ರತ್ಯೇಕ ದೇಸಿ ತಳಿ ಎಂಬ ಅಧಿಕೃತ ಮನ್ನಣೆ ದೊರೆತದ್ದು 2021ರಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರ ದುಡಿಮೆಯ ಫಲವಾಗಿ. ಪೇಢಾ ತಿಂದವರಿಗೆ ಲೆಕ್ಕವಿಲ್ಲ, ಎಮ್ಮೆ ಕಟ್ಟಿದವರಿಗೆ ಇಷ್ಟು ವರ್ಷ ಹೆಸರೂ ಇರಲಿಲ್ಲ. ಆ ಮನ್ನಣೆ ತಡವಾಗಿ ಬಂದರೂ ಬಂತಲ್ಲ ಎಂಬ ಸಮಾಧಾನ ನನಗಿದೆ.

ಸಿಹಿಯ ಮೇಲೆ ಖಾರ ಬೇಕೆನಿಸಿದರೆ ಸಂಜೆ ಯಾವ ಓಣಿಗೆ ಹೋದರೂ ಗಿರಮಿಟ್ ಇದೆ. ಈರುಳ್ಳಿ, ಹುಣಸೆ, ಬೆಲ್ಲದ ಒಗ್ಗರಣೆಯಲ್ಲಿ ಚುರುಮುರಿ ಕಲಸಿ, ಮೇಲೆ ಪುಠಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೆ ಬಿಸಿ ಮಿರ್ಚಿ ಇಟ್ಟು ಕೊಡುತ್ತಾರೆ. ಜಿಟಿಜಿಟಿ ಮಳೆಯಲ್ಲಿ ನಿಂತು ತಿಂದರೆ ಇನ್ನೂ ರುಚಿ. ಮಲೆನಾಡಿನ ಅಂಚಿನಲ್ಲಿರುವ ಊರಾದ್ದರಿಂದ ಜುಲೈ, ಆಗಸ್ಟಿನಲ್ಲಿ ಆ ಮಳೆಗೆ ಕೊರತೆಯಿಲ್ಲ.

ಇನ್ನು ಹಾಡು. ಹಿಂದೂಸ್ತಾನಿ ಸಂಗೀತ ಈ ಕನ್ನಡದ ಊರಿಗೆ ಹೇಗೆ ಬಂತು ಎಂಬ ಪ್ರಶ್ನೆಗೆ ಅರ್ಧ ಉತ್ತರ ರೈಲಿನಲ್ಲಿದೆ. 1880ರ ದಶಕದಲ್ಲಿ ಇಲ್ಲಿ ಹಳಿ ಬಿತ್ತು. ಮಿರಜ, ಪುಣೆ ಕಡೆಯ ಗಾಯಕರು ಮೈಸೂರಿನ ದಸರಾ ದರ್ಬಾರಿಗೆ ಹೋಗುವಾಗ, ಬರುವಾಗ ಇಲ್ಲಿ ಇಳಿದು ಉಳಿಯುತ್ತಿದ್ದರು. ಉಸ್ತಾದ್ ಅಬ್ದುಲ್ ಕರೀಂ ಖಾನರು ಹೀಗೆ ತಂಗುತ್ತಿದ್ದವರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಮುಂದೆ ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಮಲ್ಲಿಕಾರ್ಜುನ ಮನ್ಸೂರರ ಹೆಸರು ದೇಶದ ತುಂಬ ಕೇಳಿಸಿದ್ದು ಈ ಸೀಮೆಯಿಂದ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಇವರ ದನಿಯನ್ನು ಮನೆಮನೆಗೆ ಮುಟ್ಟಿಸಿತು.

ಮನ್ಸೂರರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ಪದ್ಮವಿಭೂಷಣ ಪಡೆದ ಗಾಯಕನ ಮನೆ ಎಂದು ಬಂಗಲೆ ಹುಡುಕುತ್ತ ಹೋದವರಿಗೆ ಸಿಗುವುದು ಸಾದಾ ಮನೆ. ಊರಿನ ಪಕ್ಕದ ಮನ್ಸೂರು ಹಳ್ಳಿಯಲ್ಲಿ 1910ರಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ, ಜೈಪುರ ಘರಾಣೆಯ ಮಂಜಿಖಾನರ, ಬುರ್ಜಿಖಾನರ ಕೈಯಲ್ಲಿ ಕಲಿತು, ಯಾರೂ ಹಾಡದ ಅಪರೂಪದ ರಾಗಗಳನ್ನು ಸಲೀಸಾಗಿ ಎತ್ತಿಕೊಳ್ಳುತ್ತಿದ್ದವರು ಅವರು. ಅದೇ ಕಂಠ ವಚನಗಳನ್ನೂ ಹಾಡಿತು. ಸಂಗೀತ ಬರದವರೂ ಈ ಮನೆಗೆ ಹೋಗಿ ಬರಬೇಕು. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ, ಪಕ್ಕದ ಬೇಂದ್ರೆ ಭವನ, ಎದುರಿನ ಕೆರೆ ಒಂದೇ ಸುತ್ತಿಗೆ ಸಿಗುತ್ತವೆ. ಅದರ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಈ ಸೀಮೆಯ ಕೈಹೊಲಿಗೆಯ ಚಿತ್ತಾರ, ಕಸೂತಿ. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಹೋಗಬೇಕು. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಸಾಗುತ್ತದೆ. ಸಾಲಿನ ಕೊನೆ ಮುಟ್ಟಿ ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಎಲ್ಲಿಯೂ ಗಂಟು ಹಾಕುವ ಹಾಗಿಲ್ಲ. ಆದ್ದರಿಂದ ಬಟ್ಟೆ ಮಗುಚಿದರೆ ಹಿಂದೆಯೂ ಮುಂದಿನದೇ ಚಿತ್ತಾರ. ಯಾವ ಕಡೆ ಸರಿ, ಯಾವ ಕಡೆ ತಿರುವು ಎಂದು ಹೇಳಲು ಬರುವುದಿಲ್ಲ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ, ಅದಕ್ಕೂ ಇದೇ ಕಟ್ಟಳೆ. ನೇಗಿ ನೇಯ್ದಂತೆ ಕಾಣುತ್ತದೆ. ಮೆಂತೆ ಕತ್ತರಿಯಾಕಾರದ ಹೊಲಿಗೆ, ಕಾಳು ಕಾಳಾಗಿ ತುಂಬಿಕೊಳ್ಳುತ್ತದೆ.

ಒಬ್ಬ ಅಜ್ಜಿ ಸೆರಗಿನ ಮೇಲೆ ಗೋಪುರ ಎತ್ತುತ್ತಿದ್ದರು. ನಾನು ನೋಡುತ್ತಿದ್ದಂತೆ ಒಂದು ಕಡೆ ನಿಲ್ಲಿಸಿ, ಬೆರಳಿನಿಂದ ಎಳೆಗಳನ್ನು ಎಣಿಸಿ, ಹಾಕಿದ್ದ ಹೊಲಿಗೆಗಳನ್ನು ಬಿಚ್ಚಿಬಿಟ್ಟರು. ಏನಾಯ್ತಜ್ಜಿ ಎಂದೆ. “ಒಂದ್ ಎಳಿ ತಪ್ಪಿತ್ರಿ. ಈಗ ಬಿಟ್ರ ತುದಿಗೆ ಗುಡಿ ಕೂಡೂದಿಲ್ಲ” ಎಂದರು. ಸೂಜಿ ಹೋದ ದಾರಿಯಲ್ಲೇ ತಿರುಗಿ ಬರಬೇಕಾದ್ದರಿಂದ ಇಡೀ ದಾರಿ ಮೊದಲೇ ತಲೆಯಲ್ಲಿರಬೇಕು. ಮಧ್ಯದ ಒಂದು ಎಳೆ ತಪ್ಪಿದರೆ ಕಳಸಕ್ಕೆ ಬರುವಷ್ಟರಲ್ಲಿ ಅಳತೆ ಕೆಟ್ಟಿರುತ್ತದೆ. ಆನೆ, ತೇರು, ತೊಟ್ಟಿಲು, ತುಳಸಿಕಟ್ಟೆ, ಎಲ್ಲವೂ ಹೀಗೆ ನೆನಪಿನಿಂದಲೇ ಬರುತ್ತವೆ. ಮದುವೆಯಲ್ಲಿ ಮಗಳಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆ, ಇಳಕಲ್ಲಿನ ಸೆರಗು, ಗುಳೇದಗುಡ್ಡದ ಖಣ, ಇವುಗಳ ಮೇಲೆ ಮನೆಯ ಹೆಂಗಸರು ಮಧ್ಯಾಹ್ನದ ಬಿಡುವಿನಲ್ಲಿ ತೆಗೆದ ಕಲೆ ಇದು. ಈಗ ಯಂತ್ರದಲ್ಲಿ ಹೊಲಿದ ಕಸೂತಿ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತದೆ. ಕೊಳ್ಳುವ ಮೊದಲು ಬಟ್ಟೆಯನ್ನು ಮಗುಚಿ ನೋಡಿ. ಹಿಂದೆ ದಾರದ ಗೋಜಲು ಕಂಡರೆ ಅದು ಕೈಯದಲ್ಲ. ಕೈಯಲ್ಲಿ ಮಾಡಿದ್ದಕ್ಕೆ ಹೇಳಿದ ಬೆಲೆಯಲ್ಲಿ ಚೌಕಾಸಿ ಮಾಡಬೇಡಿ ಎಂದು ಓದುಗರನ್ನು ಬೇಡಿಕೊಳ್ಳುತ್ತೇನೆ. ವಾರಗಟ್ಟಲೆ ಕಣ್ಣು ಸೋತ ಕೆಲಸಕ್ಕೆ ಅದು ಹೇಗೂ ಕಡಿಮೆಯೇ.

ಇನ್ನೊಂದು ದಿನ ಕೈಯಲ್ಲಿದ್ದರೆ ಗರಗಕ್ಕೆ ಹೋಗಿ ಬನ್ನಿ. ಧಾರವಾಡ ತಾಲ್ಲೂಕಿನ ಈ ಹಳ್ಳಿಯ ಖಾದಿ ಸಂಘ 1950ರ ದಶಕದಿಂದ ರಾಷ್ಟ್ರಧ್ವಜದ ಬಟ್ಟೆ ನೇಯ್ದು ಹೆಸರಾದದ್ದು. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಇನ್ನೊಂದು ತುದಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ 2006ರಲ್ಲಿ ಧ್ವಜ ತಯಾರಿಕೆಗೆ ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ಸಿಕ್ಕಿತು. ದುಡಿಯುವವರಲ್ಲಿ ಬಹುಪಾಲು ಹೆಂಗಸರು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಅಚ್ಚೊತ್ತುವುದು, ಹೊಲಿಯುವುದು, ಹಗ್ಗ ಮತ್ತು ಮರದ ಗುಬುಟು ಕೂಡಿಸುವುದು, ಪ್ರತಿ ಹಂತಕ್ಕೂ ಅಳತೆ ಉಂಟು, ತಪಾಸಣೆ ಉಂಟು. ಎರಡೂ ಬದಿಯ ಚಕ್ರಗಳು ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಎಳೆಯ ಎಣಿಕೆ ತಪ್ಪಿದರೂ ಬಟ್ಟೆ ವಾಪಸು.

2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಖಾದಿಯವರು ಇದನ್ನು ವಿರೋಧಿಸಿ ಬೀದಿಗೆ ಬಂದರು. ಅಗ್ಗದ ಧ್ವಜ ಮನೆಮನೆಗೆ ತಲುಪಿದ್ದು ನಿಜ. ಚರಕದ ಮುಂದೆ ಕೂತವಳ ಕೂಲಿಗೆ ಕುತ್ತು ಬಂದದ್ದೂ ಅಷ್ಟೇ ನಿಜ. ನನ್ನ ಮನಸ್ಸು ಅವಳ ಕಡೆಗೇ ವಾಲುತ್ತದೆ. ಬೆಂಗೇರಿಯಲ್ಲಿ ಒಂಬತ್ತು ಅಳತೆಯ ಧ್ವಜಗಳು ತಯಾರಾಗುತ್ತವೆ. ದೊಡ್ಡದು ಇಪ್ಪತ್ತೊಂದು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ. ಮೇಜಿನ ಮೇಲಿಡುವ ಆರಿಂಚಿನದಕ್ಕೂ ಕೈನೂಲಿನ ಖಾದಿಯೇ. ಶಾಲೆಗೋ ಕಚೇರಿಗೋ ಬೇಕಾದವರು ಆಗಸ್ಟ್ ಬರುವ ತನಕ ಕಾಯದೆ ಮೊದಲೇ ಹೇಳಿಟ್ಟರೆ, ನೇಯುವವರಿಗೆ ಮಳೆಗಾಲದ ಮುಂಚಿನ ತಿಂಗಳುಗಳಲ್ಲೂ ಕೈತುಂಬ ಕೆಲಸವಿರುತ್ತದೆ.